ನೀರಿಗಿಳಿಯದ ನೇವಿಯವನು

ಬುಕ್ಕಾಂಬುಧಿಯಲ್ಲಿ ಕರಿಸಿದ್ದಪ್ಪನನ್ನು ಎಲ್ಲರೂ ಮಿಲ್ಟ್ರಿ ಕರಿಸಿದ್ದಣ್ಣ ಅಂತಲೇ ಕರೆಯುವುದು. ತಾನಿದ್ದದ್ದು ನೇವಿಯಲ್ಲಿ, ಬಂದೂಕಿಗಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು ಎಂದು ಮೊದಮೊದಲು ತಿದ್ದುತ್ತಿದ್ದ. ಊರು ಕಿವಿಗೆ ಹಾಕಿಕೊಳ್ಳಲಿಲ್ಲ, ಅವನೂ ಸುಮ್ಮನಾದ.

ಊರ ಮುಂದಿನ ದೊಡ್ಡ ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವನು ಅವನು. ಎಸ್ಸೆಸ್ಸೆಲ್ಸಿ ಪಾಸಾಗಿ ನೇವಿ ಸೇರಲು ಕಡೂರಿನಲ್ಲಿ ರೈಲು ಹತ್ತಲು ಹೊರಟಾಗ, "ಅಷ್ಟೊಂದು ನೀರ್ ಮೇಲೆ ಹೆಂಗಿರ್ತೀಯೋ?" ಎಂದು ಅವ್ವ ತಿಮ್ಮಕ್ಕ ಕಣ್ಣೊರೆಸಿಕೊಂಡಿದ್ದಳು.

"ನಮ್ ಕೆರೆಗಿಂತ ಚೂರು ದೊಡ್ದು ಕಣವ್ವ, ಅಷ್ಟೇಯ," ಎಂದಿದ್ದ.

ಕೆಲಸ ಸಿಕ್ಕಿದ್ದು ಹಡಗಿನ ಹೊಟ್ಟೆಯೊಳಗೆ, ಎಂಜಿನ್ ಕೋಣೆಯಲ್ಲಿ. ಸಮುದ್ರದ ಮೇಲೇ ಇದ್ದರೂ ಸಮುದ್ರ ಕಾಣುತ್ತಿದ್ದುದು ಅಪರೂಪ. ಹೀಗೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ ದ್ವೀಪವೊಂದಕ್ಕೆ ಸಾಮಾನು ಇಳಿಸಿ ನಾಲ್ವರು ಸಣ್ಣ ದೋಣಿಯಲ್ಲಿ ಹಡಗಿಗೆ ಮರಳುತ್ತಿದ್ದರು. ಬಿರುಗಾಳಿ ಎದ್ದು ದೋಣಿ ಮಗುಚಿತು. ತನಗೆ ಈಜು ಬರುತ್ತದೆಂಬ ಧೈರ್ಯದಲ್ಲಿ ಕರಿಸಿದ್ದಪ್ಪ ಕೈಕಾಲು ಬಡಿದ, ಬಡಿದಷ್ಟೂ ಉಪ್ಪುನೀರು ಕುಡಿದ. ಜೊತೆಯಲ್ಲಿದ್ದ ಹಿರಿಯ ನಾವಿಕ, ತಮಿಳು ಕರಾವಳಿಯ ರಾಮನಾಥಪುರದ ಕಡೆಯ ಬೆಸ್ತರವನು, ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಕೆಡವಿದ. ನೀರಿನೊಡನೆ ಜಗಳಾಡಬೇಡ, ಅಂಗಾತ ಮಲಗು, ಆಕಾಶ ನೋಡು ಎಂದು ಕೂಗಿದ. ಕರಿಸಿದ್ದಪ್ಪ ಮಲಗಿದ. ಹೊತ್ತು ಇಳಿಯುವ ಮುಂಚೆ ಹಡಗಿನವರು ಬಂದು ಎತ್ತಿಕೊಂಡಾಗ ಅಲೆಯ ಮೇಲೆ ಇಬ್ಬರೇ ಉಳಿದಿದ್ದರು. ಆ ಹಿರಿಯ ಅವರಲ್ಲಿರಲಿಲ್ಲ.

ಆಮೇಲೂ ಕರಾರಿನ ಕಡೆಯ ದಿನದವರೆಗೆ ಸೇವೆ ಮಾಡಿದ. ಪೆನ್ಷನ್ ತೆಗೆದುಕೊಂಡು ಊರಿಗೆ ಬಂದ, ಕಾಮಾಕ್ಷಮ್ಮನೊಡನೆ ಸಂಸಾರ ಹೂಡಿದ, ತೆಂಗು ಹಾಕಿದ. ಆದರೆ ಮತ್ತೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲಿಲ್ಲ. ಯಾತ್ರೆಗೆ ಹೋದಲ್ಲಿ ಹೊಳೆಯ ದಂಡೆಯಲ್ಲೇ ಕುಳಿತು ಚೊಂಬಿನಿಂದ ತಲೆಗೆ ಹುಯ್ದುಕೊಳ್ಳುತ್ತಿದ್ದ. ಯಾಕೆಂದು ಒಂದು ಸಲ ಕೇಳಿದ ಕಾಮಾಕ್ಷಮ್ಮ ಮತ್ತೆ ಕೇಳಲಿಲ್ಲ. ಕೇಳಿದರೆ ಗಂಡ ಎರಡು ದಿನ ಮಾತಾಡುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು.

ಮಳೆ ಕೈಕೊಡುತ್ತಾ ಬಂದು ಕೆರೆಯೂ ಬತ್ತಿತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಹುಡುಗರು ಅಲ್ಲೇ ಕ್ರಿಕೆಟ್ ಆಡಿದರು. ಊರೆಲ್ಲ ಹಲುಬುತ್ತಿದ್ದರೆ ಕರಿಸಿದ್ದಪ್ಪನಿಗೆ ಒಳಗೊಳಗೇ ಏನೋ ನಿರಾಳ. ಸುತ್ತಿನ ಬೋರ್‌ವೆಲ್‌ಗಳ ಮೋಟಾರು ಕೆಟ್ಟರೆ ಮೊಪೆಡ್ ಹತ್ತಿ ಹೋಗಿ ರಿಪೇರಿ ಮಾಡಿ, ಮಜ್ಜಿಗೆ ಕುಡಿದು ಬರುತ್ತಿದ್ದ.

ಹೀಗಿರುವಾಗ ಒಂದು ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಬಾಗಿನ ಬಿಡಲು ಏರಿಗೆ ಹೋಯಿತು, ಕರಿಸಿದ್ದಪ್ಪ ತೋಟದಲ್ಲೇ ಉಳಿದ.

ಕೆಲವು ದಿನ ಕಳೆದು, ಮೋಟಾರೊಂದನ್ನು ನೋಡಿಕೊಂಡು ಏರಿಯ ಮೇಲೆ ಬರುತ್ತಿದ್ದಾಗ ಕೂಗು ಕೇಳಿಸಿತು. ಪಕ್ಕದ ಮನೆಯ ಅನಿತಾಳ ಮಗಳು, ಪಿಯುಸಿ ಓದುವ ವಿದ್ಯಾಶ್ರೀ, ಕಂಬಳಿ ಒಗೆಯಲು ಹೋಗಿ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿದ್ದಳು. ದಡದಲ್ಲಿ ಗಟ್ಟಿಮುಟ್ಟಾದ ಗಂಡಸರೇ ನಿಂತಿದ್ದರು. ಒಬ್ಬನಿಗೂ ಈಜು ಬಾರದು. ಅವರೆಲ್ಲ ಬತ್ತಿದ ಕೆರೆಯನ್ನೇ ನೋಡಿ ಬೆಳೆದವರು.

ಕರಿಸಿದ್ದಪ್ಪ ಮೊಪೆಡ್ಡಿಗೆ ಕಟ್ಟಿದ್ದ ಖಾಲಿ ಡೀಸೆಲ್ ಕ್ಯಾನು ಕಿತ್ತುಕೊಂಡು ನೀರಿಗೆ ಬಿದ್ದ. ಹತ್ತಿರ ಹೋದವನೇ ಹುಡುಗಿಯ ಹಿಂದಿನಿಂದ ಕುತ್ತಿಗೆ ಹಿಡಿದು ಅಂಗಾತ ಮಾಡಿದ.

"ಒದೀಬ್ಯಾಡ ಕಣವ್ವ! ಮಲಕ್ಕೋ, ಮ್ಯಾಲೆ ನೋಡು, ಮ್ಯಾಲೆ! ನಾನಿದೀನಿ."

ಅವಳ ಕೈಗೆ ಕ್ಯಾನು ಕೊಟ್ಟು ನಿಧಾನವಾಗಿ ದಡಕ್ಕೆ ತಂದ. ಹುಡುಗಿ ಕೆಮ್ಮಿ ನೀರು ಕಕ್ಕಿ ಅಳತೊಡಗಿದ ಮೇಲೆ ಅವನು ಕ್ಯಾನನ್ನು ಮತ್ತೆ ಮೊಪೆಡ್ಡಿಗೆ ಕಟ್ಟಿದ.

ಮನೆಯಲ್ಲಿ ಕಾಮಾಕ್ಷಮ್ಮ ತಲೆ ಒರೆಸುತ್ತಾ, "ಇಳಿದ್ಬಿಟ್ರಾ?" ಎಂದಳು.

"ಹೂಂ ಕಣೇ." ರಾಮನಾಥಪುರದವನ ಕಥೆಯನ್ನು ಮೊದಲ ಸಲ ಹೇಳಿದ. "ನನ್ನ ಮಲಗ್ಸಿ ತಾನು ಹೋಗ್ಬಿಟ್ಟ. ಅವನ ಮನೆ ಕಡೆಗಾದ್ರೂ ಒಂದ್ಸಲ ಹೋಗ್ಬೇಕಿತ್ತು. ಸಮುದ್ರದ ಪಕ್ಕ ಅಂತ ಹೋಗ್ಲಿಲ್ಲ." ಅವಳು ಟವೆಲ್ಲು ಹಿಂಡಿ ಮತ್ತೆ ಒರೆಸಿದಳು, ತಲೆ ಆಗಲೇ ಒಣಗಿತ್ತು.

ಮಾರನೆಯ ವಾರ ಅನಿತಾಳ ಬಾಗಿಲಿಗೆ ಹೋದ. "ಭಾನುವಾರ ಮಗೂನ ಕೆರೆಗೆ ಕರ್ಕೊಂಡ್ ಬಾರಮ್ಮ. ಈಜು ಹೇಳ್ಕೊಡ್ತೀನಿ."

"ಅಯ್ಯೋ ಬ್ಯಾಡಣ್ಣ! ಇನ್ನು ಆ ಕಡೆ ತಲೇನೂ ಹಾಕ್ಸಲ್ಲ."

"ಕೆರೆ ಊರ ಮುಂದೇನೇ ಇರುತ್ತಲ್ಲಮ್ಮ. ಎಷ್ಟ್ ದಿನ ಸುತ್ತಾಕ್ಕೊಂಡು ಓಡಾಡ್ತಾಳೆ?"

ಭಾನುವಾರ ಅನಿತಾ ಮಗಳನ್ನು ಕರೆದುಕೊಂಡು ಬಂದಳು, ಸೆರಗು ಬಿಗಿ ಹಿಡಿದು ಮೆಟ್ಟಿಲ ಮೇಲೆ ಕುಳಿತಳು. ಎದೆಮಟ್ಟದ ನೀರಿನಲ್ಲಿ ಹಗ್ಗ ಕಟ್ಟಿದ ಕರಿಸಿದ್ದಪ್ಪ ಮೊದಲು ಕಲಿಸಿದ್ದು ತೇಲುವುದನ್ನು, ಈಜುವುದನ್ನಲ್ಲ. ತಿಂಗಳೊಪ್ಪತ್ತಿನಲ್ಲಿ ಹುಡುಗಿಯರು ಗುಂಪಾಗಿಯೇ ಬರತೊಡಗಿದರು. ಅರಳಿಕಟ್ಟೆಯ ಹತ್ತಿರ ನಾಗೇಶ್ ಮಾತ್ರ ತಡೆದು ಕೇಳಿದ: "ಹೆಣ್ಮಕ್ಳಿಗೆ ಯಾಕಣ್ಣ ಇದೆಲ್ಲ?"

"ಕೆರೇಲಿ ಬಟ್ಟೆ ಒಗೆಯೋದ್ಯಾರಪ್ಪ, ನೀನಾ?"

ಕಟ್ಟೆಯ ಮೇಲಿದ್ದವರು ನಕ್ಕರು. ನಾಗೇಶನೂ ಸಾವರಿಸಿಕೊಂಡು ನಕ್ಕ. ಎರಡು ಭಾನುವಾರ ಬಿಟ್ಟು ಅವನ ಮಗಳೂ ಬಂದಳು.

ಈಗ ಸಿಂಗಟಗೆರೆಯವರೂ ಕರೆಯುತ್ತಿದ್ದಾರೆ. ತರೀಕೆರೆಯಲ್ಲಿ ನರ್ಸಿಂಗ್ ಓದುತ್ತಿರುವ ವಿದ್ಯಾಶ್ರೀ ರಜೆಗೆ ಬಂದಾಗ ಚಿಕ್ಕವರನ್ನು ಅವಳೇ ನೋಡಿಕೊಳ್ಳುತ್ತಾಳೆ. ಪಾಠ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಕರಿಸಿದ್ದಪ್ಪ ಇನ್ನೊಂದಿಷ್ಟು ಹೊತ್ತು ನೀರಿನಲ್ಲೇ ಇರುತ್ತಾನೆ. ಆಳದ ಕಡೆಗೆ ಒಂದು ಸುತ್ತು ಹೋಗಿ ಬರುತ್ತಾನೆ. ಅವನು ತಿರುಗಿ ಬರುವವರೆಗೆ ಕಾಮಾಕ್ಷಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾಳೆ.

"ಸಾಕು ಬನ್ರೀ, ನೀರಲ್ಲಿ ನಿಮ್ ಕೈಯೆಲ್ಲ ಸುಕ್ಕಾಗಿರ್ತೈತೆ," ಎಂದು ಕರೆಯುತ್ತಾಳೆ.

"ಬಂದೆ ಕಣೇ," ಎನ್ನುತ್ತಾನೆ, ಬರುವುದಿಲ್ಲ.