ಒಂದು ಸಲಕ್ಕೆ ಒಂದೇ ಟೇಬಲ್

ಊರು ಬಿಟ್ಟು ಈ ದೊಡ್ಡ ಶಹರದ ಕೋಪರಖೈರಣೆಗೆ ಬಂದ ಮೂರನೇ ದಿನವೇ ನಮ್ಮ ಎಂಟು ವರ್ಷದ ಮಗಳು ಅನ್ವಿತಾ ಕಾಣೆಯಾದಳು. ಹುಡುಕಿ ಹುಡುಕಿ ಸುಸ್ತಾದ ಮೇಲೆ ನೋಡಿದರೆ, ಕೆಳಗಿನ ಮಹಡಿಯ ಮರಾಠಿ ಅಜ್ಜಿಯ ಮನೆಯಲ್ಲಿ ಕೂತು ಪೋಹೆ ತಿನ್ನುತ್ತಿದ್ದಾಳೆ! ಪೋಹೆ ಎಂದರೆ ನಮ್ಮ ಒಗ್ಗರಣೆ ಅವಲಕ್ಕಿಯೇ. ಕುಂದಾಪುರದ ಕಡೆ ಮಗು ಯಾರ ಮನೆ ಹೊಕ್ಕರೂ ಗೊತ್ತಾಗುತ್ತದೆ. ಇಲ್ಲಿ ಎಲ್ಲ ಬಾಗಿಲೂ ಒಂದೇ ಥರ, ಯಾರನ್ನು ಕೇಳಬೇಕೆಂದೇ ತಿಳಿಯದು.

ಊರಲ್ಲಿ ಅವಳ ಓಡಾಟಕ್ಕೆ ಅಂಗಳವಿತ್ತು, ಚೂಟಿ ಹುಡುಗಿ ಎಂದು ನಗುತ್ತಿದ್ದೆವು. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಅದೇ ಗುಣ ತಲೆನೋವಾಯಿತು. ಒಂದು ಲೆಕ್ಕ ಬರೆಯುವಷ್ಟರಲ್ಲಿ ನಾಲ್ಕು ಸಲ ಏಳುವಳು. ನಾನು ಬೈದೆ, ಎರಡು ಬಾರಿ ಕೈಯೂ ಎತ್ತಿದೆ, ಈಗ ನಾಚಿಕೆಯಾಗುತ್ತದೆ. ಕೊನೆಗೆ ಅವಳನ್ನು ಊರಲ್ಲಿ ನನ್ನ ಅಮ್ಮನ ಹತ್ತಿರ ಬಿಡುವುದೆಂದು ಟಿಕೆಟ್ ತೆಗೆಸಿದೆ.

"ಅಲ್ಲ್ ಓಡುಕ್ ಜಾಗ ಇತ್ತ್, ಹೌದ್. ಅವ್ಳ್ ಅಪ್ಪ ಇದ್ರಾ?" ಎಂದಳು ಹೆಂಡತಿ ಸುಮತಿ.

ಅಷ್ಟರಲ್ಲಿ ಶಾಲೆಯವರು ವಾಶಿಯ ಡಾಕ್ಟರ ಹತ್ತಿರ ಕಳಿಸಿದರು. ಪರೀಕ್ಷೆ ಮಾಡಿದ ಅವರು, ಇದು ಹಠವಲ್ಲ, ಎಡಿಎಚ್‌ಡಿ. ಗಮನ ಒಂದೆಡೆ ನಿಲ್ಲಿಸುವುದು ಅವಳಿಗೆ ನಿಜಕ್ಕೂ ಕಷ್ಟ ಎಂದರು. ಆಮೇಲೆ ಸುಮತಿಯನ್ನು ಬಿಟ್ಟು ನನ್ನ ಕಡೆ ತಿರುಗಿ, "ಪಪ್ಪಾ, ಆಪ್ ಕ್ಯಾ ಕರ್ತೇ ಹೋ ಇಸ್ಕೇ ಸಾಥ್?" ಎಂದು ಕೇಳಿದರು. ಮಗಳ ಜೊತೆ ನೀವೇನು ಮಾಡುತ್ತೀರಿ? ಊರಲ್ಲಿ ಯಾರೂ ತಂದೆಯನ್ನು ಹೀಗೆ ಕೇಳಿದವರಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ನೀವೂ ಜೊತೆಗೆ ಕೂರಿ ಎಂದರು ಡಾಕ್ಟರು.

ಅಯ್ಯೋ, ಇದು ನನಗೆ ಗೊತ್ತಿದ್ದ ಕೆಲಸ! ನಾನು ನೌಪಾಡಾದ ಉಡುಪಿ ಹೋಟೆಲೊಂದರಲ್ಲಿ ಕ್ಯಾಪ್ಟನ್, ವೇಟರುಗಳ ಮೇಲ್ವಿಚಾರಕ. ಹೊಸ ವೇಟರಿಗೆ ಮೊದಲ ದಿನ ಒಂದೇ ಟೇಬಲ್ ಕೊಡುತ್ತೇನೆ. ಆರ್ಡರನ್ನು ನನ್ನೆದುರು ತಿರುಗಿ ಹೇಳಿಸಿ ಒಳಗೆ ಕಳಿಸುತ್ತೇನೆ. ಮರೆತರೆ ಬೈಯುವುದಿಲ್ಲ. ಯಾರದೋ ಮಕ್ಕಳ ಮೇಲಿದ್ದ ತಾಳ್ಮೆ ನನ್ನ ಮಗಳ ಮೇಲಿರಲಿಲ್ಲ.

ಮಾಲೀಕರನ್ನು ಕೇಳಿ ಬೆಳಗಿನ ಪಾಳಿಗೆ ಬದಲಾದೆ. ಈಗ ಸಂಜೆ ನಾಲ್ಕಕ್ಕೆಲ್ಲ ಅವಳ ಪಕ್ಕ ಕೂತಿರುತ್ತೇನೆ. ಒಂದು ಲೆಕ್ಕ, ಏನು ಮಾಡಬೇಕೆಂದು ಅವಳ ಬಾಯಲ್ಲೇ ಹೇಳಿಸುವುದು, ಬರೆಸುವುದು, ಆಮೇಲೆ ಇಬ್ಬರೂ ಮೆಟ್ಟಿಲು ಇಳಿದು ಹತ್ತಿ ಬರುವುದು. ಕೆಲವು ದಿನ ಏನೂ ನಡೆಯದು. ಮೊನ್ನೆ ಮಾತ್ರ ಪುಟ ಪೂರ್ತಿ ಮುಗಿಸಿ "ಪಪ್ಪಾ, ಹೋ ಗಯಾ!" ಎಂದು ಕೂಗಿದಳು. ನನಗೆ ಅಳುವೇ ಬಂತು. ಅವತ್ತೇ ಟಿಕೆಟ್ ರದ್ದು ಮಾಡಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳುವುದೇ ಕಷ್ಟವಾಯಿತು. ಮೊಮ್ಮಗಳಿಗೆಂದು ಕೋಣೆ ಗುಡಿಸಿಟ್ಟಿದ್ದರು. "ರಜೆಗ್ ಬತ್ತೊ ಅಮ್ಮ. ಶಾಲಿ ಶುರು ಆಪ್ದ್ರೊಳ್ಗೆ ತಿರ್ಗಿ ಮನಿಗ್ ಹೋಯ್ಕ್" ಎಂದೆ. ಮನೆ ಎಂದದ್ದು ಯಾವುದನ್ನೆಂದು ಹೇಳಿಯಾದ ಮೇಲೆ ನನಗೇ ಹೊಳೆಯಿತು. ಅಮ್ಮನಿಗೆ ಮೊದಲೇ ಹೊಳೆದಿರಬೇಕು.

"ಅಕ್ಕ್, ಆಯ್ತ್ ಮಗಾ," ಎಂದರು, "ಮನಿಗ್ ಬೀಗ ಸಮಾ ಹಾಯ್ಕಂಡ್ ಬನ್ನಿ."