ಬೆಚ್ಚಗಿದ್ದ ಬಾಟಲಿ

ಹೋದ ತಿಂಗಳು ಕಪಾಟು ಸರಿಮಾಡುವಾಗ ಹಳೆಯ ಸೀರೆಗಳ ಅಡಿಯಿಂದ ಒಂದು ಬಟ್ಟೆಯ ಗಂಟು ಉರುಳಿತು. ಬಿಚ್ಚಿದರೆ ಬೂದಿ, ಬೂದಿಯೊಳಗೆ ಗುಳ್ಳಬದನೆಯ ಬೀಜ. ಒಲೆಯ ಹೊಗೆಯ ವಾಸನೆ ಬಂದಂತಾಯಿತು. ಇಷ್ಟು ವರ್ಷದ ಮೇಲೆ ಬೂದಿಯಲ್ಲಿ ಯಾವ ವಾಸನೆ ಉಳಿದೀತು? ನನ್ನ ಭ್ರಮೆಯೇ ಇರಬೇಕು. ಆದರೆ ಬಾಯಮ್ಮ ಮಾತ್ರ ಎದುರಿಗೆ ಬಂದು ಕೂತೇ ಬಿಟ್ಟರು.

ಕಾಪುವಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಅವರ ಹೆಸರು ನಾನು ಒಂದು ದಿನವೂ ಹೇಳಿದ್ದಿಲ್ಲ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ತುಂಡು ಗದ್ದೆ, ಅತ್ತೆಯಿಂದ ಬಂದ ಗುಳ್ಳದ ಬೀಜ. ಮಳೆಗಾಲದ ಭತ್ತ ಕೊಯ್ದ ಮೇಲೆ ಅಲ್ಲಿ ಗುಳ್ಳ ನೆಡುತ್ತಿದ್ದರು. ಅದರ ಹುಳಿ ಮಾಡಿದರೆ... ಇರಲಿ, ಊಟದ ಮಾತು ಸುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ, ಕಳೆ ಕೀಳಲು ಜನ ಸಿಗದೆ, ಬಾಯಮ್ಮ ಕಳೆನಾಶಕ ತಂದರು. ಎಲ್ಲರೂ ಅದನ್ನು ಹುಲ್ಲಿನ ಮದ್ದು ಎನ್ನುತ್ತಿದ್ದರು. ಎಡವಟ್ಟಾದದ್ದು ಅಲ್ಲೇ. ನಮ್ಮಲ್ಲಿ ಕೆಮ್ಮಿಗೂ ಮದ್ದು, ಇಲಿಗೂ ಮದ್ದು. ಒಂದು ಚಮಚಕ್ಕೆ ಕೆಮ್ಮು ನಿಲ್ಲದಿದ್ದರೆ ಎರಡು ಚಮಚ ಕುಡಿಯುವ ಹೆಂಗಸು ಅವರು. ಒಂದು ಸಲಕ್ಕೆ ಹುಲ್ಲು ಸಾಯಲಿಲ್ಲ ಎಂದು ಡಬ್ಬಿಯಲ್ಲಿದ್ದದ್ದನ್ನೆಲ್ಲ ಗದ್ದೆಗೆ ಸುರಿದರು. ಭತ್ತಕ್ಕೆ ತಾಗದ ಮದ್ದು ಅದು, ಭತ್ತಕ್ಕೇನೂ ಆಗಲಿಲ್ಲ. ಆದರೆ ಮಣ್ಣಿನಲ್ಲಿ ಉಳಿದ ಮದ್ದಿಗೆ, ಆಮೇಲೆ ನೆಟ್ಟ ಗುಳ್ಳದ ಸಸಿಗಳು ಎಲೆ ಮುರುಟಿ ಸತ್ತವು. ಮರುವರ್ಷವೂ ಅದೇ ಕತೆ. ಮಾಡಿದ್ದುಣ್ಣೋ ಮಹಾರಾಯ ಎಂದು ನಮ್ಮ ಮನೆಯಲ್ಲೇ ಅಂದದ್ದುಂಟು.

ಬೂದಿಯಲ್ಲಿಟ್ಟ ಬೀಜ ಹೆಚ್ಚೆಂದರೆ ಮೂರು ವರ್ಷ ಬದುಕುತ್ತದೆ ಎಂದು ಬಾಯಮ್ಮ ಹೇಳುತ್ತಿದ್ದರು. ಮನೆಯ ಸುತ್ತ ಬರೀ ಕಡಲಿನ ಹೊಯಿಗೆ, ಆ ಮರಳಿನಲ್ಲಿ ಗುಳ್ಳ ಏಳುವುದಿಲ್ಲ. ಇನ್ನೊಂದು ವರ್ಷ ಗದ್ದೆ ಸರಿಯಾಗದಿದ್ದರೆ ಅತ್ತೆಯ ಬೀಜ ಅಲ್ಲಿಗೆ ಮುಗಿದ ಹಾಗೆ.

ನನಗಾಗ ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ರೋಗಾಣು ಬೆಳೆಸಿದ ಬಾಟಲಿಗಳನ್ನು ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿಟ್ಟು, ಆವಿಯಲ್ಲಿ ಬೇಯಿಸಿ, ಒಳಗಿದ್ದ ಕ್ರಿಮಿಗಳನ್ನು ಕೊಲ್ಲುವುದೇ ನನ್ನ ಕೆಲಸ. ಒಂದು ಭಾನುವಾರ ಬಾಯಮ್ಮ ಬೇಲಿಯ ಆಚೆಯಿಂದ ಕೇಳಿದರು, “ನಿಮ್ಮ ಮಣಿಪಾಲದಲ್ಲಿ ಈ ಮದ್ದು ತಿನ್ನುವ ಕ್ರಿಮಿ ಎಂತಾದರೂ ಉಂಟಾ ಮಗಾ?”

ನನಗೆ ನಗು ಬಂತು. ಆದರೂ ಪ್ರಯೋಗಾಲಯದ ನಮ್ಮ ಸಾರ್ ಹತ್ತಿರ ಹೇಳಿದೆ. ಅವರು ನಗಲಿಲ್ಲ. ಆ ಮದ್ದು ವರ್ಷಗಟ್ಟಲೆ ಬಿದ್ದ ಜಾಗದ ಮಣ್ಣು ತಾ, ಅದನ್ನೇ ತಿಂದು ಬದುಕಲು ಕಲಿತ ಸೂಕ್ಷ್ಮಜೀವಿಗಳು ಅಲ್ಲಿರಬಹುದು ಎಂದರು. ಬಾಯಮ್ಮನಿಗೆ ಅಂಥ ಒಂದು ಜಾಗ ಗೊತ್ತಿತ್ತು. ದೊಡ್ಡ ಗದ್ದೆಯವರ ಆಳುಗಳು ಮದ್ದು ಹೊಡೆದ ಪಂಪನ್ನು ತೊಳೆಯುತ್ತಿದ್ದದ್ದು ತೋಡಿನ ನೀರಿನ ಬದಿಯಲ್ಲಿ. ಮೊದಲು ಬೋಳಾಗಿದ್ದ ಆ ಜಾಗದಲ್ಲಿ ಈಗ ಹುಲ್ಲು, ಗಿಡ ಎಲ್ಲ ಎದ್ದದ್ದನ್ನು ಅವರು ಯಾವಾಗಲೋ ಗಮನಿಸಿದ್ದರು.

ಸಾರ್ ಆ ಮಣ್ಣನ್ನು ಮದ್ದು ಬೆರೆಸಿದ ನೀರಿನಲ್ಲಿ ಕೆಲವು ವಾರ ಇಟ್ಟು, ಬೆಳೆಸಿ, ಒಂದು ಬಾಟಲಿಯಲ್ಲಿ ತುಂಬಿಸಿದರು. “ಇದು ಮೊಸರಿನ ಹೆಪ್ಪು ಇದ್ದ ಹಾಗೆ. ಗದ್ದೆಯ ಮಣ್ಣಿಗೆ ಬೆರೆಸಲು ಹೇಳು,” ಎಂದರು.

ಅವತ್ತು ಶನಿವಾರ, ಊರಿಗೆ ಹೋಗುವ ಅವಸರ. ಮೇಜಿನ ಮೇಲಿದ್ದ ಬಾಟಲಿಗಳನ್ನೆಲ್ಲ ಬೇಯಿಸಿ ತೆಗೆದಿಟ್ಟು, ನಮ್ಮದನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಕಡಿಯಾಳಿ ಬರುವಾಗ ತೊಡೆಗೆ ಬಿಸಿ ತಾಗಿತು. ಯಾಕೆ ಬಿಸಿ? ಟವೆಲು ಬಿಚ್ಚಿದೆ, ಮತ್ತೆ ಸುತ್ತಿದೆ... ಅಭ್ಯಾಸಬಲದಿಂದ ಅದನ್ನೂ ಬೇಯಿಸಿಬಿಟ್ಟಿದ್ದೆ. ಹೆಪ್ಪನ್ನೇ ಕುದಿಸಿ ತಂದ ಜಾಣೆ ನಾನು!

ಇಳಿದು ಹಿಂದೆ ಹೋಗಬಹುದಿತ್ತು. ಕೆಲಸ ಹೋದರೆ ಎಂದು ಹೆದರಿ ಹೋಗಲಿಲ್ಲ. ಬಾಯಮ್ಮ ಬೇಲಿಯ ಬಾಗಿಲಿನ ದಣಪೆಯ ಹತ್ತಿರವೇ ಕಾದು ನಿಂತಿದ್ದರು. ಹೆಪ್ಪಿನ ಹಾಗೆ ಮಣ್ಣಿಗೆ ಬೆರೆಸಬೇಕಂತೆ ಎಂದಷ್ಟೇ ಹೇಳಿ ಕೊಟ್ಟೆ. ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. “ಆಯ್ತು ಮಗಾ, ದೇವರು ಒಳ್ಳೇದು ಮಾಡ್ಲಿ,” ಎಂದರು. ನಾನು ಅವರ ಮುಖ ನೋಡದೆ ಮನೆಗೆ ಹೋದೆ.

ಆ ವರ್ಷ ಗುಳ್ಳದ ಎಲೆ ಮುರುಟಲಿಲ್ಲ. ಗಿಡ ಎದ್ದಿತು, ಹೂ ಬಿಟ್ಟಿತು, ಬುಟ್ಟಿ ತುಂಬ ಕಾಯಿ ಬಂತು. ನೆರೆಮನೆಯ ಹುಡುಗಿ ಗದ್ದೆ ಗುಣ ಮಾಡಿದಳು ಎಂದು ಬಾಯಮ್ಮ ಇಗರ್ಜಿಯಲ್ಲಿ, ಮೀನಿನವರ ಹತ್ತಿರ, ಎಲ್ಲ ಕಡೆ ಹೇಳಿಕೊಂಡು ಬಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ, ನಂಬಿದರು. ನನಗೆ ತಲೆಬುಡ ತಿಳಿಯಲಿಲ್ಲ. ಸತ್ತ ಕ್ರಿಮಿ ಗದ್ದೆಯನ್ನು ಗುಣ ಮಾಡುವುದುಂಟೇ? ಸಾರ್ ಬೆನ್ನು ತಟ್ಟಿದಾಗಲೂ ಬಾಯಿ ಬಿಡಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಕೆಲವು ವರ್ಷಗಳ ಮೇಲೆ ಬಾಯಮ್ಮ ಮಣಿಪಾಲದಲ್ಲೇ ಆಸ್ಪತ್ರೆ ಸೇರಿದರು. ಇನ್ನು ಹೇಳದಿದ್ದರೆ ಆಗದು ಎಂದು ಹೋಗಿ ಮಂಚದ ಪಕ್ಕ ಕೂತೆ. “ಬಾಯಮ್ಮ, ಆ ಬಾಟಲಿ...” ಎನ್ನುವಷ್ಟರಲ್ಲಿ ಅವರೇ ಹೇಳಿದರು.

“ಬೆಚ್ಚಗಿತ್ತು, ಅಲ್ವಾ? ಕುದಿಸಿದ ಹೆಪ್ಪಿನಲ್ಲಿ ಮೊಸರಾಗ್ತದಾ ಮಾರಾಯ್ತಿ? ಮರುದಿನವೇ ಆ ತೋಡಿನ ಬದಿಯ ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಗದ್ದೆಗೆ ಹಾಕಿದೆ ನಾನು.”

“ಮತ್ತೆ ನಾನು ಮಾಡಿದ್ದು ಅಂತ ಎಲ್ಲರಿಗೂ ಯಾಕೆ ಹೇಳಿದ್ದು ನೀವು?”

ಅವರು ದಿಂಬಿನ ಅಡಿಯಿಂದ ಈ ಗಂಟನ್ನು ತೆಗೆದು ನನ್ನ ಕೈಗಿಟ್ಟರು. “ಬಿತ್ತು ಮಗಾ. ಇಟ್ಟುಕೊಳ್ಳಬೇಡ,” ಎಂದರು. ಅದೇ ವಾರ ತೀರಿಕೊಂಡರು.

ಗದ್ದೆ ಯಾರದೋ ಪಾಲಾಯಿತು, ಈಗ ಅಲ್ಲಿ ಮನೆಗಳಿವೆ. ನಾನಿದ್ದದ್ದು ಬಾಡಿಗೆಯ ಕೋಣೆಯಲ್ಲಿ. ಬರುವ ವರ್ಷ ಬಿತ್ತೋಣ, ಸ್ವಂತ ಜಾಗವಾಗಲಿ, ಬಿತ್ತೋಣ... ಅಲ್ಲಿಯತನಕ ಕಳೆಯಬಾರದೆಂದು ಸೀರೆಯ ಅಡಿಯಲ್ಲಿ ಜೋಪಾನ ಮಾಡಿದೆ. ಆಮೇಲೆ ಮರೆತೆ.

ಗಂಟು ಸಿಕ್ಕಿದ ದಿನವೇ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಹದಿನೈದು ದಿನ ನೀರು ಚಿಮುಕಿಸಿದೆ. ಒಂದೂ ಮೊಳೆಯಲಿಲ್ಲ. ಗದ್ದೆಯನ್ನು ಗುಣ ಮಾಡಿದ್ದು ತೋಡಿನ ಮಣ್ಣೋ, ಎರಡು ಮಳೆಗಾಲದ ನೀರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಹೋಗಲಿ. ಬಾಟಲಿ ಬೆಚ್ಚಗಿದ್ದದ್ದು ಗೊತ್ತಿದ್ದೂ ಬಾಯಮ್ಮ ಆ ಬೀಜವನ್ನು ನನ್ನ ಕೈಗೇ ಯಾಕೆ ಕೊಟ್ಟರು?