ಗೂಬೆಯ ಜಾಗ ಬಯಲು ಮಾಡಿದವನು

ಹಮೀದಾಕ, ಲಂಕೆಯ ಆ ಗೂಬೆಗಳ ಜಾಗವನ್ನು ಬಯಲು ಮಾಡಿದವನು ನಾನು. ನೀವಲ್ಲ, ನಿಮ್ಮ ಫೋಟೋವೂ ಅಲ್ಲ — ನಾನು. ನಾಲ್ಕು ವರ್ಷ ನೀವು ಹೊತ್ತುಕೊಂಡು ತಿರುಗಿದ್ದು ನನ್ನ ಪಾಪ. ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಏಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ನಾನು ಕಟ್ಟಿಕೊಟ್ಟದ್ದು.

ದುಬೈಯ ನೈಫ್‌ನಲ್ಲಿ ನಿಮಗೆ ಅತ್ತರು ಅಂಗಡಿಯ ಕೆಲಸ, ಅದರ ಮೇಲಿನ ಮಹಡಿಯಲ್ಲಿ ನನ್ನ ಟ್ರಾವೆಲ್ ಆಫೀಸು. ಈದ್ ರಜೆಗೆ ಲಂಕೆಯ ಸಫಾರಿ ಪ್ಯಾಕೇಜ್ ಮಾರುವವನು ನಾನು — ಆನೆ, ಚಿರತೆ, ತಿಮಿಂಗಿಲ, ಎಲ್ಲವೂ ನಾಲ್ಕೇ ದಿನದಲ್ಲಿ. ನೀವೋ, ಊರಿಗೆ ಹೋಗುವ ರಜೆಯಲ್ಲಿ ಒಂದು ವಾರ ಅಲ್ಲಿ ಇಳಿದು ಹಕ್ಕಿ ನೋಡುವವರು. "ಮಂಗಳೂರಿಗೆ ಹೋಗುವವರಿಗೆ ಕೊಲಂಬೊ ಎಂತ ದಾರಿ ಹಮೀದಾಕ?" ಎಂದು ನಾನು ಕಾಲೆಳೆದರೆ, "ನಿಂಗೆ ಆನೆ ಕಂಡ್ರೂ ಟಿಕೆಟೇ ಕಾಣುದು, ಸುಮ್ನೆ ಕೂತ್ಕೋ ಮಾರಾಯಾ" ಎನ್ನುತ್ತಿದ್ದಿರಿ.

ಆ ಸಲ ನನ್ನನ್ನೂ ಕರೆದುಕೊಂಡು ಹೋದಿರಿ. ನೀವಾಗಿಯೇ ಕರೆದಿರಿ — ಈಗ ಅದೇ ಹೆಚ್ಚು ಚುಚ್ಚುತ್ತದೆ. ಮಳೆಕಾಡಿನ ಅಂಚಿನ ಹಳ್ಳಿಯ ಗೈಡ್ ಸೋಮಪಾಲ ನಿಮ್ಮ ಹತ್ತು ವರ್ಷದ ಗೆಳೆಯ. ಕಾಡಿಗೆ ಕಾಲಿಡುವ ಮೊದಲು ಅವನು ಹೇಳಿದ್ದು ಒಂದೇ ಮಾತು: "ಫೋನ್ ಆಫ್. ಜಾಗ ಯಾರಿಗೂ ಹೇಳಬಾರದು." ಅಂಥ ಗೂಬೆ ಆ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ, ಅದು ಹಗಲು ಮಲಗುವ ಜಾಗ ಒಮ್ಮೆ ಗೊತ್ತಾದರೆ ಜನ ಮುತ್ತಿ ಓಡಿಸಿಬಿಡುತ್ತಾರಂತೆ. ನೀವು ಫೋನನ್ನು ಅವನ ಮನೆಯಲ್ಲೇ ಬಿಟ್ಟು ಹಳೆಯ ಕ್ಯಾಮೆರಾ ಮಾತ್ರ ತಂದಿರಿ. ನಾನು ಆಫ್ ಮಾಡಿದಂತೆ ನಟಿಸಿ ಜೇಬಿಗೆ ಹಾಕಿಕೊಂಡೆ.

ರಕ್ತ ಹೀರುವ ಉಂಬಳಗಳಿಂದ ಕಚ್ಚಿಸಿಕೊಂಡು ಎರಡು ಗಂಟೆ ನಡೆದೆವು. ಬಿದಿರಿನ ಒಣಗಿದ ಎಲೆಗಳ ನಡುವೆ ಮುಷ್ಟಿಯಷ್ಟೇ ಇದ್ದ ಎರಡು ಕೆಂಚು ಗೂಬೆಗಳು ಒಂದಕ್ಕೊಂದು ಒತ್ತಿಕೊಂಡು ನಿದ್ದೆ ಮಾಡುತ್ತಿದ್ದವು. "ಮಾಶಾ ಅಲ್ಲಾಹ್" ಎಂದು ನೀವು ಬಾಯಿಗೆ ಕೈ ಇಟ್ಟುಕೊಂಡಿರಿ; ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಗೊತ್ತೇ? ನಿಮ್ಮ ಬೆನ್ನ ಹಿಂದೆ ನಿಂತು, ಫೋನಿನ ಮ್ಯಾಪಿನಲ್ಲಿ ಆ ಜಾಗಕ್ಕೆ ಗುರುತು ಹಾಕುತ್ತಿದ್ದೆ.

ಯಾಕೆ? — ವ್ಯಾಪಾರ ಎಂದುಬಿಟ್ಟರೆ ಸುಲಭ. ಹೊಟ್ಟೆಕಿಚ್ಚೂ ಇತ್ತು, ಹಮೀದಾಕ. ಬಸ್ಸುಗಟ್ಟಲೆ ಜನರನ್ನು ಆ ದ್ವೀಪಕ್ಕೆ ಕಳಿಸುವವನು ನಾನು. ಯಾರಿಗೂ ತೋರಿಸದ ಗೂಬೆಯನ್ನು ಸೋಮಪಾಲ ಅತ್ತರು ಮಾರುವ ನಿಮಗೆ ತೋರಿಸುತ್ತಾನಲ್ಲ ಎಂದು... ಎಂಥ ಸಣ್ಣ ಬುದ್ಧಿ ನನ್ನದು.

ಅಬುಧಾಬಿಯ ಫೋಟೋ ಹುಚ್ಚಿನ ಎರಡು ತಂಡಗಳಿಗೆ "ಗೂಬೆ ಗ್ಯಾರಂಟಿ" ಎಂದು ಮಾತು ಕೊಟ್ಟೆ. ಮ್ಯಾಪಿನ ಆ ಗುರುತನ್ನು ಕೊಟ್ಟು, ನನ್ನ ಹೆಸರು ಎಲ್ಲೂ ಬಾರದ ಹಾಗೆ ಕೊಲಂಬೊದ ಇನ್ನೊಬ್ಬ ಏಜೆಂಟನ ಮೂಲಕ ಅವರನ್ನು ಕಳಿಸಿದೆ. ಅವರು ಗೂಬೆಯ ಕೂಗಿನ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಹಾಕಿ ಹಾಕಿ ಅವನ್ನು ಎಬ್ಬಿಸಿದರಂತೆ; ಮುಖ ಸರಿಯಾಗಿ ಕಾಣಲಿ ಎಂದು ಒಬ್ಬ ಕೋಲಿನಿಂದ ಬಿದಿರು ಅಲ್ಲಾಡಿಸಿದನಂತೆ. ಗೂಬೆಗಳು ಹಾರಿಹೋದವು. ಮತ್ತೆ ಬರಲಿಲ್ಲ.

ಸೋಮಪಾಲ ನಿಮಗೆ ಫೋನ್ ಮಾಡಿದ. ಆ ವರ್ಷ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ತೋರಿಸಿಲ್ಲ, ಇನ್ನು ತನ್ನ ಮನೆಗೆ ಬರಬೇಡಿ ಎಂದ. ನೀವು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ನನ್ನ ಆಫೀಸಿಗೆ ಬಂದಿರಿ. "ಸುಧಾಕರ, ನೀನು ಯಾರಿಗೂ ಹೇಳ್ಲಿಲ್ಲ ಅಲ್ವಾ?"

ಆಗ ಆ ಮಾತು ಆಡಿದೆ. "ನಾನಾ? ಇಲ್ಲಪ್ಪ. ನೀವು ಆ ಫೋಟೋವನ್ನು ಹಕ್ಕಿ ನೋಡುವವರ ಗ್ರೂಪಿಗೆ ಹಾಕಿದ್ದೀರಲ್ಲ ಹಮೀದಾಕ? ಫೋಟೋದ ಒಳಗೆ ಜಾಗ ಎಲ್ಲ ಇರ್ತದೆ. ಅದ್ರಿಂದ್ಲೇ ಹೋಗಿರ್ಬೇಕು."

ನಿಮ್ಮ ಆ ಹಳೆಯ ಕ್ಯಾಮೆರಾದಲ್ಲಿ ಜಾಗ ದಾಖಲಾಗುವ ವ್ಯವಸ್ಥೆಯೇ ಇರಲಿಲ್ಲ. ನನಗದು ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. "ಯಾ ಅಲ್ಲಾಹ್, ನನ್ನ ಕೈಯಿಂದ್ಲೇ ಆಯ್ತಲ್ಲ" ಎಂದು ಕುರ್ಚಿಯಲ್ಲಿ ಕುಸಿದಿರಿ. ನಾನು ನೀರು ತಂದುಕೊಟ್ಟೆ. ಸಮಾಧಾನ ಬೇರೆ ಮಾಡಿದೆ — ಥೂ! — "ನೀವು ಬೇಕಂತ ಮಾಡಿದ್ದಲ್ಲವಲ್ಲ" ಎಂದು.

ಅಂದಿನಿಂದ ನೀವು ಹಕ್ಕಿಯ ಮಾತೆತ್ತಿಲ್ಲ. ಕ್ಯಾಮೆರಾವನ್ನು ಯಾರಿಗೋ ಕೊಟ್ಟುಬಿಟ್ಟಿರಿ. ಒಮ್ಮೆ ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಒಟ್ಟಿಗೆ ಹೋಗಿದ್ದೆವು. ಕಡಲಹಕ್ಕಿಗಳು ತಲೆಯ ಮೇಲೆಯೇ ಕಿರುಚುತ್ತಿದ್ದರೂ ನೀವು ಕತ್ತೆತ್ತಿ ನೋಡಲಿಲ್ಲ. ದುಬೈಗೆ ಮರಳುವಾಗ ಕಾರಿನಲ್ಲಿ ನಾವಿಬ್ಬರೇ. ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಾ — ದಾರಿಯುದ್ದಕ್ಕೂ ಅಂಜಲ್ ಮೀನಿನ ರೇಟು ಮಾತಾಡಿದೆ.

ಮೊನ್ನೆ ನೀವು ಮತ್ತೆ ಮೆಟ್ಟಿಲು ಹತ್ತಿ ಬಂದಿರಿ. ವೀಸಾ ಕ್ಯಾನ್ಸಲ್ ಆಗಿದೆ, ಇನ್ನು ಊರೇ. "ಖಲಾಸ್ ಮಾರಾಯಾ, ಗಲ್ಫ್ ಮುಗೀತು. ಹೋಗುವಾಗ ಕೊಲಂಬೊದಲ್ಲಿ ಇಳ್ದು ಸೋಮಪಾಲನ ಮನೆಗೆ ಹೋಗ್ತೇನೆ. ಎದುರು ನಿಂತ್ರೆ ನಂಗೆ ಬಾಯಿ ಬರುದಿಲ್ಲ, ಇಂಗ್ಲಿಷಲ್ಲಿ ಒಂದು ಕಾಗದ ಬರ್ದು ಕೊಡು. ತಪ್ಪು ನಂದೇ ಅಂತ ಸರಿಯಾಗಿ ಬರಿ, ಎಂತದೂ ಮುಚ್ಚಿಡ್ಬೇಡ." ಖಾಲಿ ಹಾಳೆಯ ಕೆಳಗೆ ಆಗಲೇ ಸಹಿ ಹಾಕಿ, ಅದನ್ನು ನನ್ನ ಕೈಗಿಟ್ಟು ಹೋದಿರಿ.

ಕೂತೆ, ಎದ್ದೆ, ಎರಡು ದಿನ ಆಫೀಸಿನೊಳಗೇ ಸುತ್ತಿದೆ. ಕೊನೆಗೆ ಒಂದು ಸಾಲು ಬರೆದೆ: 'ಪ್ರಿಯ ಸೋಮಪಾಲ, ತಪ್ಪು ನನ್ನದು.' ಬರೆದವನು ನಾನು, ಕೆಳಗಿನ ಸಹಿ ನಿಮ್ಮದು. ಆಮೇಲೆ ಮುಂದೆ ಹೋಗಲು ಆಗಲಿಲ್ಲ.

ಇವತ್ತು ಬೆಳಿಗ್ಗೆ ಸೋಮಪಾಲನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಮೀದ್ ಸರ್‌ಗೆ ಗೊತ್ತಾ?" ಎಂದು ಕೇಳಿದ. ಇಲ್ಲ ಎಂದೆ. "ನಾಲ್ಕು ವರ್ಷ ನಾನು ಅವರ ಫೋನ್ ಎತ್ತಿಲ್ಲ" ಎಂದ. ಅಷ್ಟೇ, ಇಟ್ಟುಬಿಟ್ಟ.

ಹೋದ ಗೂಬೆಗಳನ್ನು ನಾನು ತಂದುಕೊಡಲಾರೆ, ನಿಮ್ಮ ನಾಲ್ಕು ವರ್ಷವನ್ನೂ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಅಲ್ಲೇ ಕ್ಷಮಿಸಿಬಿಡುತ್ತೀರಿ, ನನಗೆ ಗೊತ್ತು. ಈಗ ಕೆಳಗಿಳಿದು ಬಂದು ಇದನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ನಿಮ್ಮ ಅಂಗಡಿಯ ಮುಂದೆಯೇ ನಿಂತಿರುತ್ತೇನೆ. ಎಲ್ಲಿಗೂ ಹೋಗುವುದಿಲ್ಲ.